ಒಂದು ಕಾಲು, ಒಬ್ಬ ಗಂಡ, ಎರಡು ಪಿಂಚಣಿ

ನಡೆದದ್ದು ಇಷ್ಟೆ. ನಾಲ್ಕು ವರ್ಷ ನನ್ನ ತಮ್ಮ ನನ್ನ ದುಡ್ಡನ್ನೇ ವೀಳ್ಯದೆಲೆಯಲ್ಲಿ ಸುತ್ತಿ ಗೌರಿ ಹಬ್ಬಕ್ಕೆ ನನಗೆ ಕೊಟ್ಟ. ನಾನು ಅದನ್ನು ತವರಿನ ದುಡ್ಡು ಎಂದು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ. ಸರ್ಕಾರ ಮೋಸ ಮಾಡಲಿಲ್ಲ, ನಾನು ಮಾಡಲಿಲ್ಲ, ಒಂದು ಲೆಕ್ಕದಲ್ಲಿ ತಮ್ಮನೂ ಮಾಡಲಿಲ್ಲ. ಆದರೂ ಅಂಗವಿಕಲರ ಪಿಂಚಣಿಯಲ್ಲಿ ಹೆಚ್ಚುವರಿಯಾಗಿ ಬಂದ ಮೂವತ್ತೆಂಟು ಸಾವಿರದ ನಾನೂರು ರೂಪಾಯಿ ವಾಪಸು ಕಟ್ಟು ಎಂದು ನನ್ನ ಹೆಸರಿಗೆ ಕಾಗದ ಬಂತು. ಊರಿನಲ್ಲಿ ಇದಕ್ಕೆ ಹತ್ತು ಕಥೆ ಕಟ್ಟಿದ್ದಾರೆ. ಅಂಗಡಿ ಜಗಲಿಯ ಮೇಲೆ ಕೂರುವವರ ಪ್ರಕಾರ ನಾನು ಕುಂಟುವುದು ಬರೀ ನಾಟಕವಂತೆ, ಪರೀಕ್ಷೆ ಮಾಡಲು ಬಂದ ಸಾಹೇಬರು ನನ್ನ ಮೇಲೆ ನಾಯಿ ಬಿಟ್ಟರಂತೆ, ನಾನು ಸೀರೆ ಎತ್ತಿ ಕಟ್ಟಿ ಓಡಿದೆನಂತೆ. ನಾಯಿ ಬಿಟ್ಟರೆ ನಾನು ಓಡುವವಳಲ್ಲ, ನಿಂತು ಕೋಲು ಬೀಸುವವಳು. ಅದು ಅವರಿಗೂ ಗೊತ್ತು. ಗೊತ್ತಿದ್ದೂ ಹೇಳುತ್ತಾರೆ. ಅದಕ್ಕೇ ನಾನೇ ಕೂತು ಬರೆಯುತ್ತಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸು. ನಾಲ್ಕಕ್ಕೆ ಹೋಗುವ ಹೊತ್ತಿಗೆ ಮನೆಯಲ್ಲಿ ತಮ್ಮ ಹುಟ್ಟಿದ; ಅವನನ್ನು ಎತ್ತಿಕೊಳ್ಳಲು ಒಬ್ಬಳು ಬೇಕಿತ್ತು, ನನ್ನನ್ನು ಬಿಡಿಸಿದರು. ಈ ತಮ್ಮನೇ ಆ ತಮ್ಮ, ಹೆಸರು ರಂಗಯ್ಯ. ಆದರೆ ಓದಿದ ಮೂರು ಕ್ಲಾಸನ್ನು ನಾನು ಮರೆತಿಲ್ಲ. ಬಸ್ಸಿನ ಬೋರ್ಡು, ಮಾತ್ರೆಯ ಹಾಳೆ, ರಸ್ತೆಬದಿಯಲ್ಲಿ ಕಟ್ಟುವ ಸತ್ತವರ ಫ್ಲೆಕ್ಸು, ಎಲ್ಲವನ್ನೂ ಓದುತ್ತೇನೆ. ಸಹಿಯನ್ನೂ ಪೂರ್ತಿ ಹಾಕುತ್ತೇನೆ, ಪುಟ್ಟತಾಯಮ್ಮ ಎಂದು, ಒತ್ತಕ್ಷರಗಳ ಸಮೇತ. ನಮ್ಮ ಬೀದಿಯಲ್ಲಿ ನನ್ನ ವಯಸ್ಸಿನವರೆಲ್ಲ ಹೆಬ್ಬೆಟ್ಟು ಒತ್ತುವಾಗ ನಾನು ಪೆನ್ನು ಕೇಳಿ ತೆಗೆದುಕೊಳ್ಳುತ್ತೇನೆ. ಓದು ಬಾರದವರು ಮೋಸ ಹೋದರೆ ಪಾಪ ಎನ್ನಬಹುದು. ಓದು ಬಂದೂ ಓದದೆ ಸಹಿ ಹಾಕಿದವಳಿಗೆ ಏನನ್ನಬೇಕೋ ನನಗೆ ಗೊತ್ತು, ಬರೆದರೆ ನಿಮ್ಮ ಕಿವಿಗೆ ಹಿತವಾಗುವುದಿಲ್ಲ.

ಮೊದಲು ಕಾಲಿನ ವಿಷಯ ಹೇಳಿಬಿಡುತ್ತೇನೆ. ನಮ್ಮೂರು ರಾಮಾಪುರದಿಂದ ಸ್ವಲ್ಪ ಒಳಗೆ, ಕಾಡಿನ ಅಂಚಿಗೆ. ರಾಗಿ, ಹುರುಳಿ, ಹುಣಸೆ. ಹುಣಸೆ ಮರವನ್ನು ಗುತ್ತಿಗೆಗೆ ಹಿಡಿದು ಹಣ್ಣು ಬಡಿದು ಮಾರುತ್ತಿದ್ದೆವು. ಒಂದು ವರ್ಷ ಮರ ಹತ್ತುವ ಆಳು ಕೂಲಿ ಜಾಸ್ತಿ ಕೇಳಿದ. ನನ್ನ ಗಂಡ ಮಾದಯ್ಯ ಕೊಡೋಣ ಎಂದ. ನಾನು ಆ ದುಡ್ಡಿಗೆ ನಾನೇ ಹತ್ತುತ್ತೇನೆ ಎಂದೆ. ಹತ್ತಿದೆ, ಚೆನ್ನಾಗಿಯೇ ಹತ್ತಿದೆ, ಎರಡು ಕೊಂಬೆ ಬಡಿದೆ. ಮೂರನೆಯ ಕೊಂಬೆ ಒಣಗಿತ್ತು. ನಾಟಿ ವೈದ್ಯ ಪಟ್ಟಿ ಕಟ್ಟಿದ. ಮೂಳೆ ಕೂಡಿಕೊಂಡಿತು, ಆದರೆ ಬಲಗಾಲು ಎಡಗಾಲಿಗಿಂತ ಮೂರು ಬೆರಳು ಗಿಡ್ಡವಾಗಿ ಕೂಡಿಕೊಂಡಿತು. ಎಷ್ಟೋ ವರ್ಷದ ಮೇಲೆ ಡಾಕ್ಟರು ಅಳೆದು ನೋಡಿ ಶೇಕಡಾ ಐವತ್ತು ಎಂದು ಬರೆದುಕೊಟ್ಟರು, ಪಿಂಚಣಿ ಶುರುವಾಯಿತು. ಆ ಸರ್ಟಿಫಿಕೇಟನ್ನು ಮಾದಯ್ಯ ಕೈಯಲ್ಲಿ ಹಿಡಿದು, “ಕಾಲ್ಗೆ ಐವತ್ತು ಕೊಟ್ಟವ್ರು ಬಾಯ್ಗೆ ನೂರಕ್ಕೆ ನೂರು ಕೊಡ್ಬೇಕಾಗಿತ್ತು” ಎಂದ. ಅವನ ಜೊತೆ ನಲವತ್ತು ಚಿಲ್ಲರೆ ವರ್ಷ ಬಾಳಿದೆ. ಜಗಳವಾಡದ ದಿನ ಇಬ್ಬರಲ್ಲಿ ಒಬ್ಬರಿಗೆ ಜ್ವರ ಇರುತ್ತಿತ್ತು.

ಆ ಮಾದಯ್ಯ ನಾಲ್ಕು ವರ್ಷದ ಕೆಳಗೆ ಸತ್ತ. ಹನ್ನೊಂದನೇ ದಿನದ ಕಾರ್ಯಕ್ಕೆ ನನ್ನ ತವರಿನಿಂದ ರಂಗಯ್ಯ ಬಂದ. ತವರು ಯಳಂದೂರಿನ ಹತ್ತಿರ, ಗದ್ದೆ ಬಯಲು. ಅಲ್ಲಿಯವರು ಅಕ್ಕಿ ತಿನ್ನುವವರು, ನಮ್ಮ ಕಡೆಯವರನ್ನು ರಾಗಿಯವರು ಎಂದು ಸ್ವಲ್ಪ ಕೆಳಗೇ ನೋಡುತ್ತಾರೆ. ಅವತ್ತು ರಂಗಯ್ಯ ಅರ್ಧ ಮೂಟೆ ಅಕ್ಕಿ ಇಳಿಸಿ, ಕಣ್ಣೊರೆಸಿಕೊಂಡು, ಒಂದಿಷ್ಟು ಕಾಗದ ಮುಂದೆ ಹಿಡಿದ. ಆಧಾರ್ ಕಾರ್ಡಿನ ಜೆರಾಕ್ಸನ್ನೂ ಕೇಳಿದ. “ಏನ್ಲಾ ಇದು?” ಎಂದೆ. “ಅಪ್ಪನ ಜಮೀನಿಂದು ಕಣಕ್ಕ. ಒಂದ್ ಸೈನ್ ಆಕ್ಬುಡು. ಬೇಕಾರೆ ಓದ್ಕ” ಎಂದ. “ತವರಿನ ಕಾಗದ ಓದೋದೇನ್ಲಾ” ಎಂದು ಹಾಕಿದೆ. ಅಪ್ಪನ ಒಂದು ಎಕರೆಯಲ್ಲಿ ನನಗೆ ಪಾಲು ಬೇಡ ಎಂಬ ಕಾಗದ ಇರಬೇಕು ಎಂದುಕೊಂಡೆ. ಆಮೇಲೆ ಪ್ರತಿ ವರ್ಷ ಆಷಾಢದಲ್ಲಿ ಬಂದು ಇನ್ನೊಂದು ಚೀಟಿಗೆ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ನಾನು ಪ್ರತಿ ವರ್ಷವೂ ದೊಡ್ಡ ಮನಸ್ಸು ಮಾಡಿ ಅದೇ ಒಂದು ಎಕರೆಯನ್ನು ಅವನಿಗೆ ಬಿಟ್ಟುಕೊಡುತ್ತಿದ್ದೆ. ಒಂದು ಎಕರೆಯನ್ನು ಎಷ್ಟು ಸಲ ಬಿಟ್ಟುಕೊಡಬಹುದು ಎಂದು ಒಂದು ದಿನವೂ ಯೋಚನೆ ಬರಲಿಲ್ಲ. ದಾನ ಮಾಡುವ ಖುಷಿಯಲ್ಲಿ ತಲೆ ಓಡುವುದಿಲ್ಲ.

ಈಗ ಗೌರಿ ಹಬ್ಬದ ವಿಷಯ. ನಮ್ಮ ಕಡೆ ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು ಹೆಣ್ಣುಮಕ್ಕಳ ಮನೆಗೆ ಬಂದು ಬಳೆ, ರವಿಕೆ ಬಟ್ಟೆ, ಒಂದಿಷ್ಟು ದುಡ್ಡು ಕೊಟ್ಟು ಹೋಗಬೇಕು. ಎಷ್ಟು ಕೊಟ್ಟರು ಎಂದು ಮಾರನೇ ದಿನ ನೀರಿನ ಟ್ಯಾಂಕಿನ ಹತ್ತಿರ ಲೆಕ್ಕವಾಗುತ್ತದೆ. ಗಂಡ ಸತ್ತವಳಿಗೆ ಬಳೆ ಇಲ್ಲ, ಕುಂಕುಮ ಇಲ್ಲ, ಆದರೆ ದುಡ್ಡು ನಿಲ್ಲಿಸುವ ಹಾಗಿಲ್ಲ. ಮಾದಯ್ಯ ಇದ್ದಾಗ ರಂಗಯ್ಯ ತರುತ್ತಿದ್ದದ್ದು ಎರಡು ಡಜನ್ ಗಾಜಿನ ಬಳೆ ಮತ್ತು ಐವತ್ತು ರೂಪಾಯಿ. ಅದನ್ನು ನಾನು ಯಾರಿಗೂ ತೋರಿಸದೆ ಪೆಟ್ಟಿಗೆಗೆ ಹಾಕುತ್ತಿದ್ದೆ. ಮಾದಯ್ಯ ಹೋದ ಮಾರನೇ ವರ್ಷ ವೀಳ್ಯದೆಲೆ ಬಿಚ್ಚಿದರೆ ಒಂಬತ್ತೂವರೆ ಸಾವಿರ. ನಾನು ಎರಡು ಸಲ ಎಣಿಸಿದೆ. “ಏನ್ಲಾ ರಂಗ, ಇಷ್ಟೊಂದು?” ಎಂದರೆ, “ಭಾವ ಓಗ್ಬುಟ್ಮೇಲೆ ನಿಂಗ್ಯಾರವ್ರೆ ಅಕ್ಕ” ಎಂದು ನೆಲ ನೋಡಿದ. ಆ ಮಾತಿಗೆ ಬೀದಿಯ ಹೆಂಗಸರೆಲ್ಲ ಸೆರಗು ಮೂಗಿಗೆ ಒತ್ತಿಕೊಂಡರು. ಅವನು ನೆಲ ಏಕೆ ನೋಡಿದ ಎಂದು ಈಗ ಗೊತ್ತಾಗುತ್ತದೆ.

ಮೊದಲೆರಡು ವರ್ಷದ ದುಡ್ಡಿಗೆ ಒಂದು ಪಡ್ಡೆ ಹಸು ಕೊಂಡೆ. ಮೂರನೇ ವರ್ಷದ್ದರಲ್ಲಿ ಅದರ ಕೊಟ್ಟಿಗೆಗೆ ಶೀಟು ಹಾಕಿಸಿದೆ. ನಾಲ್ಕನೇ ವರ್ಷದ್ದರಲ್ಲಿ ನನಗೆ ಕನ್ನಡಕ ಮಾಡಿಸಿ, ಉಳಿದದ್ದಕ್ಕೆ ಬೂಸಾ ತಂದೆ. ಹಸುವಿಗೆ ಗೌರಿ ಎಂದು ಹೆಸರಿಟ್ಟೆ. ಊರಿನವರು ತವರು ಹಸು ಎನ್ನುತ್ತಾರೆ, ಎನ್ನುವ ಹಾಗೆ ನಾನೇ ಮಾಡಿದ್ದೆ. ಅದರ ಹಾಲು ಡೇರಿಗೆ ಹೋಗುತ್ತದೆ. ಡೇರಿ ದುಡ್ಡು ನನ್ನ ಸೊಂಟದ ಚೀಲಕ್ಕೆ ಬರುತ್ತದೆ. ಮಗ ಬೆಟ್ಟದ ದೇವಸ್ಥಾನಕ್ಕೆ ಭಕ್ತರನ್ನು ಕರೆದೊಯ್ಯುವ ಟೆಂಪೋ ಓಡಿಸುತ್ತಾನೆ, ಅವನ ದುಡ್ಡು ಸೊಸೆಯ ಕೈಗೆ. ಹಾಗಾಗಿ ಮನೆಯಲ್ಲಿ ನನ್ನ ಮಾತಿಗೆ ಇರುವ ತೂಕವೆಲ್ಲ ಆ ಹಸುವಿನ ಕೆಚ್ಚಲಿನ ತೂಕ. ಇದನ್ನು ನಾನು ಮುಚ್ಚಿಡುವುದಿಲ್ಲ.

ಸೊಸೆ ಮಂಜುಳ ಗಡಿಯ ಪಾಲಾರ್ ಕಡೆಯವಳು, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ತಮಿಳು. ಅವಳ ಅಣ್ಣ ಗೌರಿಗೆ ತರುತ್ತಿದ್ದದ್ದು ಒಂದು ತೆಂಗಿನಕಾಯಿ, ಬಳೆ, ಟವೆಲಿನಲ್ಲಿ ಕಟ್ಟಿದ ಕಡಲೇಕಾಯಿ. ನಾನು ಅದನ್ನು ಮೊರಕ್ಕೆ ಸುರಿದು, “ಕೋಳಿಗ್ ಆಕೋದಾ, ನಾವ್ ತಿನ್ನೋದಾ?” ಎಂದು ಕೇಳುತ್ತಿದ್ದೆ. ನಾಲ್ಕು ವರ್ಷ ಕೇಳಿದೆ. ಅವಳು ಒಂದು ವರ್ಷ, “ತಿನ್ನಿ ಅತ್ತೆ, ನಿಮ್ಗೇ ತಂದಿರೋದು” ಎಂದಳು. ನನಗೂ ಕೋಳಿಗೂ ಒಂದೇ ಏಟು. ಜಾಣೆ.

ಹೀಗಿರುವಾಗ ಕಾಗದ ಬಂತು. ಕನ್ನಡಕ ಹಾಕಿಕೊಂಡು ಓದಿದೆ. ತವರಿನ ದುಡ್ಡಲ್ಲಿ ಮಾಡಿಸಿದ ಕನ್ನಡಕದಲ್ಲಿ ಮೊದಲು ಓದಿದ ಸರ್ಕಾರಿ ಕಾಗದ ಅದೇ. ಅರ್ಥವಾಗಲಿಲ್ಲ. ನಾಡಕಚೇರಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗಿ ನನ್ನ ಆಧಾರ್ ನಂಬರು ಒತ್ತಿ ನೋಡಿ, “ಅಜ್ಜಿ, ನಿಮ್ಗೆ ಎರಡು ಪಿಂಚಣಿ ಬತ್ತಾ ಅದೆ” ಎಂದಳು. “ಒಂದು ಅಂಗವಿಕಲರದು, ಈ ಕಡೆಯಿಂದ. ಇನ್ನೊಂದು ವಿಧವೆಯರದು, ಯಳಂದೂರು ಕಡೆ ವಿಳಾಸಕ್ಕೆ. ಅಲ್ಲಿ ಪೋಸ್ಟಾಫೀಸಲ್ಲಿ ನಿಮ್ ಹೆಸ್ರಲ್ಲಿ ಖಾತೆ ಅದೆ.”

“ಆ ಇನ್ನೊಂದ ನಾ ಕಣ್ಣಲ್ಲೇ ಕಂಡಿಲ್ಲ ಕಣವ್ವ.”

“ಒಬ್ರಿಗೆ ಒಂದೇ ಪಿಂಚಣಿ ಅಜ್ಜಿ, ಅದು ರೂಲ್ಸು. ಎರಡ್ನೇದು ಶುರುವಾದಾಗಿಂದ ಕಾಲಿಂದು ನಿಂತೋಗ್ಬೇಕಾಗಿತ್ತು. ನಿಂತಿಲ್ಲ. ಅದ್ಕೇ ವಾಪಸ್ ಕೇಳ್ತಾವ್ರೆ.”

“ಕಾಲು ಓಗಿದ್ದು ಬೇರೆ, ಗಂಡ ಓಗಿದ್ದು ಬೇರೆ. ಎರಡೂ ಒಂದೇ ದಿನ ಓಗಿದ್ವಾ, ಒಂದೇ ಲೆಕ್ಕಕ್ಕೆ ಸೇರ್ಸಕೆ?”

ಹುಡುಗಿ ನಕ್ಕಳು. ಹಿಂದೆ ನಿಂತಿದ್ದ ಗಂಡಸು ಒಬ್ಬ, “ಸರಿಯಾಗ್ ಕೇಳ್ದೆ ಕಣವ್ವ” ಎಂದ. ಸರಿಯಾಗಿ ಕೇಳಿದ್ದಕ್ಕೆ ದುಡ್ಡೇನೂ ಕಡಿಮೆಯಾಗಲಿಲ್ಲ. ಹುಡುಗಿ ಒಳ್ಳೆಯವಳು. ಗೊತ್ತಿಲ್ಲದೆ ಆಗಿದ್ದರೆ, ಕಟ್ಟಲು ಶಕ್ತಿ ಇಲ್ಲದಿದ್ದರೆ ಮನ್ನಾ ಮಾಡಿ ಎಂದು ಅರ್ಜಿ ಕೊಡಬಹುದು, ಮೂವತ್ತು ದಿನದೊಳಗೆ ಕೊಳ್ಳೇಗಾಲಕ್ಕೆ ಹೋಗಿ ದೊಡ್ಡ ಸಾಹೇಬರನ್ನು ಕಾಣಿ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. “ಕಟ್ದೇ ಇದ್ರೆ?” ಎಂದೆ. “ಪಿಂಚಣಿ ಪೂರ್ತಿ ನಿಲ್ಲುಸ್ತಾರೆ ಅಜ್ಜಿ. ಆಮೇಲೆ ಮನೇಲಿ ಏನದೆ ಅಂತ ನೋಡ್ತಾರೆ.” ಮನೆಯಲ್ಲಿ ಏನಿದೆ ಎಂದು ನನಗೆ ನೋಡದೆಯೇ ಗೊತ್ತಿತ್ತು. ನಾಲ್ಕು ಕಾಲು, ಎರಡು ಕೊಂಬು, ಬಾಲ.

ಮನೆಗೆ ಬರದೆ ನೇರ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಫ್ರೀ ಆದಾಗಿನಿಂದ ಕೋಪ ಬಂದ ತಕ್ಷಣ ಹೊರಟುಬಿಡಬಹುದು. ಮುಂಚೆ ಟಿಕೆಟ್ ದುಡ್ಡು ಹೊಂದಿಸುವುದರೊಳಗೆ ಅರ್ಧ ಕೋಪ ಇಳಿಯುತ್ತಿತ್ತು. ಹನೂರು, ಕೊಳ್ಳೇಗಾಲ, ಯಳಂದೂರು, ಮೂರು ಬಸ್ಸು. ತವರು ಮುಟ್ಟುವ ಹೊತ್ತಿಗೆ ರಂಗಯ್ಯ ಜಗಲಿಯ ಮೇಲೆ ಕುಡುಗೋಲು ಮಸೆಯುತ್ತಿದ್ದ. “ಬಾ ಅಕ್ಕ” ಎಂದವನು ನನ್ನ ಕೈಯಲ್ಲಿದ್ದ ಕಾಗದ ನೋಡಿ ನೀರು ತರುತ್ತೇನೆ ಎಂದು ಒಳಗೆ ಹೋದ. ಒಂದು ಲೋಟ ನೀರು ತರಲು ಬಾವಿ ತೋಡಿದಷ್ಟು ಹೊತ್ತು ಮಾಡಿದ.

“ಏನ್ಲಾ ರಂಗ, ನಂಗೆ ಗಂಡ ಸತ್ತಿದ್ ಪಿಂಚಣಿ ಬತ್ತದಂತಲ್ಲ?”

“ಬತ್ತದೆ ಕಣಕ್ಕ.”

“ಎಲ್ಲಿಗ್ಲಾ ಬತ್ತದೆ?”

“ನಿಂಗೇ ಬತ್ತದೆ. ವರ್ಷ ವರ್ಷ ನಾ ತಂದು ಕೊಡ್ತಿಲ್ವಾ?”

“ಗೌರಿ ಹಬ್ಬಕ್ಕೆ ಕೊಡ್ತಿದ್ದದ್ದಾ?”

“ಅದೇಯ.”

“ಅಂಗಾರೆ ನೀನ್ ಕೊಟ್ಟಿದ್ದೇನ್ಲಾ?”

ಕುಡುಗೋಲಿನ ಅಲಗನ್ನು ಬೆರಳಲ್ಲಿ ಸವರಿ, “ವೀಳ್ಯದೆಲೆ” ಎಂದ.

ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಬೇಕು. ಪಾಸ್ ಬುಕ್ಕು ತಂದು ಮುಂದಿಟ್ಟ. ನನ್ನ ಹೆಸರು, ನನ್ನ ಫೋಟೊ, ಹನ್ನೊಂದನೇ ದಿನ ಕೊಟ್ಟ ಜೆರಾಕ್ಸಿನದು. ನಾನು ಆಷಾಢದಲ್ಲಿ ಹಾಕುತ್ತಿದ್ದ ಸಹಿ ದುಡ್ಡು ತೆಗೆಯುವ ಚೀಟಿಗೆ. “ಹನ್ನೊಂದರ ದಿನ ನಿಂಗೊಂದು ಪಿಂಚಣಿ ಮಾಡ್ಸುವಾ ಅಂತಲೇ ಬಂದೆ ಕಣಕ್ಕ. ಕಾಲಿಂದು ಬತ್ತಿರೋದು ಗೊತ್ತಿತ್ತು, ಎರಡು ಬರಬಾರ್ದು ಅನ್ನೋದು ಗೊತ್ತಿರ್ಲಿಲ್ಲ. ಗಂಡ ಸತ್ತ ಪಿಂಚಣಿ ಅಂದ್ರೆ ನೀನು ಅವತ್ತು ಸೈನ್ ಆಕ್ತಿರ್ಲಿಲ್ಲ, ನನ್ನ ಬೋದು ಕಳುಸ್ತಿದ್ದೆ. ಅದ್ಕೇ ಜಮೀನು ಅಂದೆ. ದುಡ್ಡು ಬಂದ್ಮೇಲೆ ಏಳುವಾ ಅಂತಿದ್ದೆ. ಮೊದಲ್ನೇ ವರ್ಷ ಎಲೇಲಿ ಸುತ್ತಿ ಕೊಟ್ಟೆ. ನೀನ್ ಅದ ಬೀದೀಲಿ ಎಲ್ರಿಗೂ ತೋರುಸ್ಕೊಂಡ್ ಬಂದೆ. ಆಮೇಲೆ ಎಂಗಕ್ಕ ಏಳದು?”

ಇದನ್ನು ಕೇಳಿ ನನಗೆ ಕಣ್ಣೀರು ಬರಲಿಲ್ಲ, ಲೆಕ್ಕ ಬಂತು. “ತಿಂಗಳಿಗೆ ಎಂಟುನೂರು ಅಂದ್ರೆ ವರ್ಷಕ್ಕೆ ಒಂಬತ್ತು ಸಾವಿರದ ಆರ್ನೂರು. ನೀನ್ ಕೊಟ್ಟಿದ್ದು ಒಂಬತ್ತೂವರೆ. ಆ ನೂರ್ ರೂಪಾಯಿ ಎಲ್ಲೋಯ್ತ್ಲಾ?”

“ಬಸ್ ಚಾರ್ಜು ಕಣಕ್ಕ. ನಿಮ್ಗೆ ಫ್ರೀ. ನಮ್ಗಿಲ್ವಲ್ಲ.”

ಅವನು ಪೂರ್ತಿ ತಿಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಬಾಯಿಗೆ ಬಂದದ್ದನ್ನೆಲ್ಲ ಬೈದು, ಮಣ್ಣು ತೂರಿ, ತವರಿಗೆ ಬೆನ್ನು ಹಾಕಿ ಬರಬಹುದಿತ್ತು. ನೂರು ರೂಪಾಯಿಗೆ ಎಷ್ಟು ಬೈಯಲು ಸಾಧ್ಯ? ಇದ್ದದ್ದನ್ನೆಲ್ಲ ಬೈದೆ, ಊಟ ಮಾಡಿದೆ, ಅಕ್ಕಿ ಕೊಟ್ಟ, ತೆಗೆದುಕೊಂಡು ಬಂದೆ.

ಮನೆಯಲ್ಲಿ, ಕಚೇರಿಯವರು ಏನೋ ಹೆಸರು ತಪ್ಪು ಮಾಡಿಕೊಂಡಿದ್ದಾರೆ, ಸರಿ ಮಾಡಿಸುತ್ತೇನೆ ಎಂದೆ. ಮಂಜುಳ, “ಸೆರಿ ಅತ್ತೆ” ಎಂದು ಪಾತ್ರೆ ಉಜ್ಜಲು ಹೋದಳು. ಆ ಸೆರಿ ಸ್ವಲ್ಪ ಉದ್ದವಾಗಿತ್ತು, ಆಗ ನಾನು ಗಮನಿಸಲಿಲ್ಲ.

ಕೊಳ್ಳೇಗಾಲದ ಕಚೇರಿಯ ಕಾಂಪೌಂಡಿನ ಪಕ್ಕದಲ್ಲಿ ಅರ್ಜಿ ಬರೆಯುವವರು ಮೇಜು ಹಾಕಿಕೊಂಡು ಕೂತಿರುತ್ತಾರೆ. ನನಗೆ ಸಿಕ್ಕಿದವನ ಹೆಸರು ಶಿವಣ್ಣ. ಅಕ್ಷರ ಮುತ್ತಿನ ಹಾಗೆ, ಹಲ್ಲು ಮಾತ್ರ ಎಲೆಅಡಿಕೆಯ ಬಣ್ಣ. ನಾನು ವಿಷಯ ಹೇಳಿ ಮುಗಿಸುವ ಮೊದಲೇ ಅರ್ಧ ಹಾಳೆ ತುಂಬಿಸಿ ಓದಿದ: “ಕಡುಬಡವಳೂ, ನಿರ್ಗತಿಕಳೂ, ಹಿಂದೆ ಮುಂದೆ ದಿಕ್ಕಿಲ್ಲದವಳೂ, ಒಂದು ಹೊತ್ತಿನ ಗಂಜಿಗೂ ಗತಿಯಿಲ್ಲದವಳೂ ಆದ ನಾನು ತಮ್ಮ ಪಾದಗಳಿಗೆ ಬಿದ್ದು...”

“ನಿಲ್ಸಪ್ಪ,” ಎಂದೆ. “ದಿಕ್ಕಿಲ್ಲ ಅಂತ ಯಾಕ್ ಬರ್ದೆ? ಮಗ ಅವ್ನೆ, ಸೊಸೆ ಅವ್ಳೆ. ನಾಳೆ ಅವ್ರು ಓದುದ್ರೆ ದಿಕ್ಕು ಯಾರು ಅಂತ ತೋರುಸ್ತಾರೆ. ಒಡಿ ಅದ.”

“ಅವ್ವ, ಎಲ್ರೂ ಅಂಗೇ ಬರ್ಸದು.”

“ಗಂಜೀನೂ ಒಡಿ. ಇವತ್ತು ಮುದ್ದೆ ಉಣ್ಕೊಂಡೇ ಬಂದಿವ್ನಿ. ಪಾದಕ್ಕೆ ಬೀಳದನ್ನೂ ಒಡಿ. ಬಿದ್ರೆ ಈ ಕಾಲಲ್ಲಿ ಮೇಲೇಳಕ್ಕೆ ಇಬ್ರು ಬೇಕು, ಆ ಸಾಹೇಬ್ರು ಎತ್ತಾರಾ?”

ಎಲ್ಲ ಹೊಡೆದುಹಾಕಿದ ಮೇಲೆ ಹಾಳೆಯಲ್ಲಿ ನನ್ನ ಹೆಸರು, ಊರು, ತಾಲ್ಲೂಕು ಉಳಿಯಿತು. ಶಿವಣ್ಣ ಪೆನ್ನು ಕೆಳಗಿಟ್ಟು, ಒಳ್ಳೆಯ ಮಾತು ಹೇಳುವವರ ಹಾಗೆ ದನಿ ಇಳಿಸಿದ. “ಅವ್ವ, ಒಂದ್ ದಾರಿ ಅದೆ. ನನ್ ತಮ್ಮ ನಂಗೆ ಗೊತ್ತಿಲ್ದಂಗೆ ಮೋಸದಲ್ಲಿ ಸೈನ್ ಆಕುಸ್ಕೊಂಡು ದುಡ್ಡು ಎತ್ತವ್ನೆ ಅಂತ ಬರೀತೀನಿ. ಪೂರ್ತಿ ಮನ್ನಾ. ಒಂದು ರೂಪಾಯಿ ಕಟ್ಟಂಗಿಲ್ಲ.”

“ತಮ್ಮಂಗೆ?”

“ಒಂದ್ ಕೇಸು ಆಯ್ತದೆ. ಸ್ಟೇಷನ್ಗೆ ಕರೀತಾರೆ. ಎರಡ್ ದಿನ ಓಡಾಡ್ತಾನೆ, ಗಂಡಸು ತಾನೇ.”

ನಾನು ಮೇಜಿನ ಪಕ್ಕದ ಕಲ್ಲಿನ ಮೇಲೆ ಕೂತು ಯೋಚನೆ ಮಾಡಿದೆ. ನೀವು ಈಗ ನಾನು ತಮ್ಮನ ಮುಖ ನೆನೆದು ಕರಗಿದೆ ಎಂದುಕೊಳ್ಳುತ್ತೀರಿ. ಇಲ್ಲ. ಒಂದು ಕಡೆ ಗೌರಿ, ದಿನಕ್ಕೆ ಎಂಟು ಲೀಟರು. ಇನ್ನೊಂದು ಕಡೆ ರಂಗಯ್ಯ, ಸ್ಟೇಷನ್ನಿನ ಬೆಂಚಿನ ಮೇಲೆ ಎರಡು ದಿನ. ತೂಗಿದರೆ ಗೌರಿಯೇ ಭಾರ. ನನ್ನ ಓದು ಬಿಡಿಸಿದ ಮಗು ಅದು, ಎರಡು ದಿನ ಬೆಂಚಿನ ಮೇಲೆ ಕೂತರೆ ಸವೆದು ಹೋಗುವುದಿಲ್ಲ. ಆದರೆ ಕೇಸು ಎಂದರೆ ವಿಷಯ ಊರಿಗೆ ಬರುತ್ತದೆ. ರಂಗಯ್ಯನ ಗೌರಿ ದುಡ್ಡು ಎಲ್ಲಿಂದ ಬಂತು ಎಂದು ನೀರಿನ ಟ್ಯಾಂಕಿನ ಹತ್ತಿರ ಗೊತ್ತಾಗುತ್ತದೆ. ಮಂಜುಳಳಿಗೆ ಗೊತ್ತಾಗುತ್ತದೆ. ಆ ಕಡಲೇಕಾಯಿಯ ಮೊರ ನನ್ನ ಕಣ್ಣ ಮುಂದೆ ಬಂತು. ತಮ್ಮನನ್ನು ಸ್ಟೇಷನ್ನಿನಿಂದ ಉಳಿಸಿದ್ದು ಅಕ್ಕನ ಪ್ರೀತಿಯಲ್ಲ, ಆ ಮೊರ.

“ಇದ್ದದ್ದ ಇದ್ದಂಗೆ ಬರಿ,” ಎಂದೆ. “ಸೈನು ನಂದು. ಓದಕ್ ಬತ್ತದೆ, ಓದ್ಲಿಲ್ಲ. ಎರಡು ಪಿಂಚಣಿ ತಗೋಬಾರ್ದು ಅಂತ ಗೊತ್ತಿರ್ಲಿಲ್ಲ. ಒಟ್ಗೆ ಕಟ್ಟಕ್ಕೆ ಹಸ ಮಾರ್ಬೇಕು. ಹಸ ಮಾರಲ್ಲ. ಅಷ್ಟೇಯ.”

“ಇದ ಓದುದ್ರೆ ಯಾರವ್ವ ಮನ್ನಾ ಮಾಡ್ತಾರೆ? ಮನ್ನಾ ಕೇಳ್ದಂಗಿಲ್ಲ, ಜಗಳಕ್ ಬಂದಂಗದೆ.” ಆದರೂ ಬರೆದುಕೊಟ್ಟ. ಸಹಿ ಮಾಡುವ ಮೊದಲು ಕನ್ನಡಕ ಹಾಕಿ ಒಂದೊಂದೇ ಅಕ್ಷರ ಓದಿದೆ. ಅವನು ಈ ನಡುವೆ ಇನ್ನಿಬ್ಬರ ಅರ್ಜಿ ಮುಗಿಸಿದ.

ದೊಡ್ಡ ಸಾಹೇಬರು ನಾನು ಅಂದುಕೊಂಡಷ್ಟು ದೊಡ್ಡವರಲ್ಲ, ನನ್ನ ಮಗನ ವಯಸ್ಸು. ಅರ್ಜಿಯನ್ನು ಎರಡು ಸಲ ಓದಿದರು. ಎರಡನೇ ಸಲ ಮೀಸೆಯ ಕೆಳಗೆ ನಗು ಬಂದು ಹೋಯಿತು. ಬಾಗಿಲಿನ ಹೊರಗೆ ನಲವತ್ತು ಜನ ನಿಂತಿದ್ದರು.

“ಅಮ್ಮ, ಈ ಖಾತೆ ಯಾರು ಮಾಡಿಸಿದ್ದು?”

“ಸೈನು ನಂದೇ ಸಾ.”

“ನಾನು ಅದನ್ನ ಕೇಳಲಿಲ್ಲ.”

“ನಾ ಏಳಿದ್ದು ಅದೇಯ ಸಾ.”

ಅವರು ಪೆನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿದರು. ಯಾರೋ ಮೋಸ ಮಾಡಿದ್ದರೆ ಪೂರ್ತಿ ಮನ್ನಾಕ್ಕೆ ಬರೆಯಬಹುದು, ನೀವೇ ಸಹಿ ಹಾಕಿ, ಓದು ಬರುತ್ತದೆ ಎಂದೂ ಬರೆದುಕೊಟ್ಟರೆ ಬರೆಯಲು ಬರುವುದಿಲ್ಲ ಎಂದರು. ಓದು ಬರುತ್ತದೆ ಎಂಬ ಜಂಬ ಬಿಟ್ಟಿದ್ದರೆ ಅಲ್ಲಿಯೇ ಮುಗಿದುಹೋಗುತ್ತಿತ್ತು. ಆದರೆ ಆ ಜಂಬ ಬಿಟ್ಟರೆ ನನ್ನ ಹತ್ತಿರ ಇರುವುದು ಇನ್ನೇನು? ನಾನು ನಿಂತೇ ಇದ್ದೆ. ನಿಂತರೆ ನನ್ನ ಸೊಂಟ ಒಂದು ಕಡೆ ಇಳಿಯುತ್ತದೆ. ಅವರು ಅದನ್ನು ನೋಡಿ ಕುರ್ಚಿ ತರಿಸಿದರು.

“ಎರಡರಲ್ಲಿ ಒಂದು ನಿಲ್ಲಿಸಬೇಕು. ಯಾವುದು ಇಟ್ಟುಕೊಳ್ತೀರಿ? ಕಾಲಿಂದಾ, ಯಜಮಾನರದಾ?”

“ಗಂಡಂದು ನಿಲ್ಸಿ ಸಾ. ಅದು ನೋಯೋದು ನಿಂತದೆ. ಕಾಲು ಇನ್ನೂ ನೋಯ್ತದೆ.”

ಪಕ್ಕದಲ್ಲಿದ್ದ ಗುಮಾಸ್ತರು ಕೆಮ್ಮಿದರು. ಸಾಹೇಬರು ಕೆಮ್ಮದೆ ಬರೆದರು. ಹಸು ಮಾರುವುದು ಬೇಡ, ಹೆಚ್ಚಾಗಿ ಬಂದದ್ದನ್ನು ಕಾಲಿನ ಪಿಂಚಣಿಯಲ್ಲಿ ತಿಂಗಳಿಗೆ ಇನ್ನೂರು ರೂಪಾಯಿಯಂತೆ ಹಿಡಿದುಕೊಳ್ಳುವುದು, ಅರ್ಜಿದಾರರು ತೀರಿಕೊಂಡರೆ ಉಳಿದದ್ದು ಮನ್ನಾ. ಗುಮಾಸ್ತರು ಮಿಷನ್ನಿನಲ್ಲಿ ಒತ್ತಿ, “ನೂರ ತೊಂಬತ್ತೆರಡು ಕಂತು ಸಾರ್” ಎಂದರು. ನಾನು ಬೆರಳಲ್ಲಿ ಎಣಿಸಿದೆ. ಹದಿನಾರು ವರ್ಷ. ನನಗೆ ಈಗ ಎಪ್ಪತ್ತು.

“ಸಾ, ಹದಿನಾರು ವರ್ಷ ಅಂದ್ರೆ ಎಂಬತ್ತಾರು ಆಯ್ತದೆ. ನನ್ ಮೇಲೆ ನಂಗೇ ಅಷ್ಟು ನಂಬ್ಕೆ ಇಲ್ಲ.”

“ಸರ್ಕಾರಕ್ಕೆ ಇದೆ ಅಮ್ಮ,” ಎಂದರು. “ಬೇಗ ಹೋದರೆ ಲಾಭ ನಿಮಗೆ.”

ಹೀಗೆ ನಾನು ಸತ್ತರೆ ಮನ್ನಾ, ಬದುಕಿದರೆ ಸಾಲಗಾರಳು. ಆದರೆ ಗೌರಿ ಉಳಿಯಿತು. ಆದೇಶದ ಕಾಗದಕ್ಕೆ ಸಹಿ ಹಾಕುವ ಮೊದಲು ಪೂರ್ತಿ ಓದಿದೆ. ಹೊರಗಿನ ನಲವತ್ತು ಜನ ಏನಂದರು ಎಂದು ಇಲ್ಲಿ ಬರೆಯುವುದಿಲ್ಲ.

ಸಂಜೆ ಮನೆಗೆ ಬಂದು, ಎಲ್ಲ ಸರಿಹೋಯಿತು, ಹೆಸರು ತಿದ್ದಿದರು ಎಂದೆ. ಮಂಜುಳ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿ ನಿಲ್ಲಿಸದೆ, “ಎಷ್ಟ್ ಕಂತು ಮಾಡುದ್ರು ಅತ್ತೆ?” ಎಂದಳು.

“ಯಾವ್ ಕಂತು?” ಎಂದೆ.

“ಆ ಕಾಗದ ಬಂದ್ ದಿನ ನೀವು ಕೊಟ್ಗೇಲಿದ್ರಿ. ನಾನೇ ಮೊದ್ಲು ಓದಿದ್ದು. ನಾಡಕಚೇರಿ ಹುಡುಗಿ ನಮ್ ಕಡೆಯವ್ಳು, ಫೋನ್ ಮಾಡ್ದೆ. ಯಳಂದೂರು ವಿಳಾಸ ಅಂದ್ಲು. ನಿಮ್ ತಮ್ಮ ಒಂಬತ್ತೂವರೆ ಕೊಟ್ಟಾಗ್ಲೇ ನಂಗ್ ಅನುಮಾನ. ಐವತ್ತು ಕೊಡ್ತಿದ್ದವ್ರು.”

“ಗೊತ್ತಿದ್ದೂ ಒಂದ್ ತಿಂಗ್ಳು ಬಾಯ್ ಬುಡ್ಲಿಲ್ವಲ್ಲೇ?”

“ಈ ಗೌರಿಗೂ ಕಡ್ಲೇಕಾಯ್ ಕೋಳಿಗಾ ಅಂತ ಕೇಳ್ತೀರಾ ನೋಡುಮಾ ಅಂತ ಕಾಯ್ತಿದ್ದೆ.”

ತಮ್ಮನನ್ನು ಕೇಸಿನಿಂದ, ನನ್ನನ್ನು ಸೊಸೆಯ ಬಾಯಿಂದ ಉಳಿಸಿಕೊಳ್ಳಲು ಹದಿನಾರು ವರ್ಷ ಸಾಲಗಾರಳಾದೆ. ಆ ಬಾಯಿ ಮೊದಲೇ ಎಲ್ಲ ತಿಳಿದು ಮುಚ್ಚಿಕೊಂಡಿತ್ತು. ಮೊರ ಮೂಲೆಯಲ್ಲಿತ್ತು. ಹೋದ ಗೌರಿಯ ಕಡಲೇಕಾಯಿ ಇನ್ನೂ ಡಬ್ಬಿಯಲ್ಲಿದೆಯಾ ಎಂದು ಕೇಳಿದೆ. ಹುರಿದುಕೊಟ್ಟಳು. ಚೆನ್ನಾಗಿತ್ತು ಎಂದು ಹೇಳಿದೆ. ಕ್ಷಮಿಸು ಎನ್ನುವುದೆಲ್ಲ ನನಗೆ ಬರುವುದಿಲ್ಲ, ಅದು ನಾಲ್ಕನೇ ಕ್ಲಾಸಿನಲ್ಲಿ ಹೇಳಿಕೊಡುತ್ತಾರೇನೋ.

ಮಾರನೇ ದಿನ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಮೊದಲ ಬಸ್ಸು ಹತ್ತಿ ರಂಗಯ್ಯನ ಮನೆಗೆ ಹೋದೆ. ಹಿಂದಿನ ರಾತ್ರಿ ನಾನೇ ಬರೆದ ಒಂದು ಹಾಳೆ ಕೈಯಲ್ಲಿತ್ತು. ತಿಂಗಳು ತಿಂಗಳು ಇನ್ನೂರು ರೂಪಾಯಿಯನ್ನು ಸ್ವಂತ ದುಡ್ಡಿನಿಂದ, ಸ್ವಂತ ಬಸ್ ಚಾರ್ಜು ಹಾಕಿಕೊಂಡು, ನಮ್ಮ ಬೀದಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ನಡೆದು ಬಂದು ಕೊಡತಕ್ಕದ್ದು ಎಂದು ಬರೆದಿದ್ದೆ. “ಓದಿ ಸೈನ್ ಆಕು” ಎಂದೆ. “ಅಕ್ಕನ ಕಾಗದ ಓದೋದೇನಕ್ಕ” ಎಂದು ಸಹಿ ಹಾಕಿಬಿಟ್ಟ. ತಲೆಗೆ ಒಂದು ಮೊಟಕಿ, ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿಸಿದೆ. ಓದಿದ, ಬೆವರಿದ, ಆಗಲಿ ಎಂದ. ಹೊರಟಾಗ ಬಸ್ ನಿಲ್ದಾಣದವರೆಗೂ ಹಿಂದೆಯೇ ಬಂದು, ಜೇಬಿನಿಂದ ನೂರರ ನೋಟು ತೆಗೆದು, “ಮೂರ್ ಬಸ್ಸು ಅಕ್ಕ, ಚಾರ್ಜಿಗೆ ಮಡಿಕ” ಎಂದು ನನ್ನ ಕೈಯಲ್ಲಿಟ್ಟು ಮಡಚಿದ. ಗಾಬರಿಯಲ್ಲಿ ನಮಗೆ ಬಸ್ಸು ಫ್ರೀ ಎನ್ನುವುದು ಅವನಿಗೆ ಮರೆತೇಹೋಗಿತ್ತು. ಇದು ಹೆಚ್ಚುವರಿ ಪಾವತಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಈ ಸಲ ಗೊತ್ತಿರಲಿಲ್ಲ ಎನ್ನಲು ದಾರಿಯೇ ಇಲ್ಲ. ನೋಟನ್ನು ಸೊಂಟದ ಚೀಲಕ್ಕೆ ಹಾಕಿ, ಬಸ್ಸು ಹತ್ತಿ, ಆಧಾರ್ ಕಾರ್ಡು ತೋರಿಸಿದೆ.